ಒಂದೇ ಋತುವಿನಲ್ಲಿ 36 ಟ್ರಿಪಲ್: ಅಚ್ಚಿನ ತಪ್ಪೇ, ನಿಜವೇ?

ಸ್ಕೋರು ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವನು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ. ಮೂವತ್ತೊಂದು ವರ್ಷ ನಮ್ಮ ಊರಿನ ಕ್ರಿಕೆಟ್ ಪಂದ್ಯಗಳಿಗೆ ಸ್ಕೋರು ಬರೆದಿದ್ದೇನೆ. ಮಗಳು, ಅಳಿಯಂದಿರು ಪಿಟ್ಸ್‌ಬರ್ಗಿನಲ್ಲಿದ್ದಾರೆ. ಜೂನ್‌ನಿಂದ ನಾನೂ ನನ್ನ ಮನೆಯವರೂ ಇಲ್ಲಿದ್ದೇವೆ.

ಹೋದ ಭಾನುವಾರ ಅಳಿಯಂದಿರು ಪಿಎನ್‌ಸಿ ಪಾರ್ಕಿಗೆ ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋದರು. ಆರು ಇನಿಂಗ್ಸ್ ಕಳೆದರೂ ನನಗೆ ಆಟದ ರುಚಿ ಹತ್ತಲಿಲ್ಲ. ಚೆಂಡು ಆಚೆ ಹೋದರೆ ಜನ ಎದ್ದು ನಿಲ್ಲುತ್ತಾರೆ, ಹೊಡೆದವನು ಆರಾಮವಾಗಿ ಒಂದು ಸುತ್ತು ಹಾಕಿ ಬರುತ್ತಾನೆ. ಅದರಲ್ಲೇನಿದೆ ಎಂದುಕೊಂಡು ಕುಳಿತಿದ್ದೆ. ಏಳನೆಯ ಇನಿಂಗ್ಸಿನಲ್ಲಿ ಒಬ್ಬ ಹುಡುಗ ಚೆಂಡನ್ನು ಎಡಭಾಗದ ಆಳವಾದ ಮೂಲೆಗೆ ಹೊಡೆದ. ಗೋಡೆಗೆ 410 ಎಂದು ಬರೆದಿದೆಯಲ್ಲ, ಅಲ್ಲಿಗೆ. ಚೆಂಡು ಗೋಡೆಯ ಸಂದಿಗೆ ಬಡಿದು ಓರೆಯಾಗಿ ಚಿಮ್ಮಿತು, ಹಿಡಿಯಲು ಹೋದವನು ಒಂದು ಕಡೆ, ಚೆಂಡು ಇನ್ನೊಂದು ಕಡೆ. ಅಷ್ಟರಲ್ಲಿ ಹುಡುಗ ಮೊದಲ ಬೇಸ್ ದಾಟಿ, ಎರಡನೆಯ ಬೇಸಿನ ಒಳ ಅಂಚನ್ನು ತುಳಿದು ತಿರುಗಿದ. ತಲೆಯ ಮೇಲಿದ್ದ ಹೆಲ್ಮೆಟ್ ಹಾರಿಹೋಯಿತು. ಮೂರನೆಯ ಬೇಸಿನ ಹತ್ತಿರ ನಿಂತಿದ್ದ ತರಬೇತುದಾರರು ಎರಡೂ ಅಂಗೈಗಳನ್ನು ನೆಲದ ಕಡೆಗೆ ಒತ್ತಿ ತೋರಿಸುತ್ತಿದ್ದರು. ಹುಡುಗ ಎದೆಯ ಮೇಲೆ ಬಿದ್ದು ಜಾರಿದ. ಚೆಂಡು, ಕೈ, ಬೇಸು ಮೂರೂ ಒಂದೇ ಕಡೆ ಸೇರಿ, ಅಂಪೈರು ಎರಡೂ ಕೈ ಚಾಚಿದಾಗ ನಾನು ಕುರ್ಚಿ ಬಿಟ್ಟು ಎದ್ದಿದ್ದೇನೆಂದು ತಿಳಿಯಿತು. ಹೀಗೆ ಒಂದೇ ಹೊಡೆತಕ್ಕೆ ಓಡಿ ಮೂರನೆಯ ಬೇಸ್ ಮುಟ್ಟಿದರೆ ಟ್ರಿಪಲ್ ಎನ್ನುತ್ತಾರೆ ಎಂದು ಅಳಿಯಂದಿರು ಹೇಳಿದರು.

ಮನೆಗೆ ಬಂದ ಮೇಲೆ, ಒಂದು ಋತುವಿನಲ್ಲಿ ಅತಿ ಹೆಚ್ಚು ಟ್ರಿಪಲ್ ಹೊಡೆದವರ ಪಟ್ಟಿ ತೆರೆದೆ. ಮೊದಲ ಹೆಸರು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಓವೆನ್ ವಿಲ್ಸನ್, 1912, 36. ಆಮೇಲೆ 31. ಅದನ್ನು ಇಬ್ಬರು ಮಾಡಿದ್ದಾರೆ, 1886ರಲ್ಲಿ ಡೇವ್ ಆರ್, 1894ರಲ್ಲಿ ಹೈನಿ ರೈಟ್ಸ್. 1900ರ ನಂತರದವರನ್ನಷ್ಟೇ ನೋಡಿದರೆ ವಿಲ್ಸನ್ ಬಿಟ್ಟು ಯಾರೂ 26 ದಾಟಿಲ್ಲ.

ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. ಈ ವಿಲ್ಸನ್ನರ ಉಳಿದ ವರ್ಷಗಳನ್ನು ತೆಗೆದು ನೋಡಿದೆ. 1908ರಿಂದ ಸಾಲಾಗಿ 7, 12, 13, 12, ಆಮೇಲೆ 36, ಮತ್ತೆ 14, 12, 6, 2. ಒಟ್ಟು 114. ಆ ಒಂದು ವರ್ಷ ತೆಗೆದರೆ ಉಳಿದ ಎಂಟು ವರ್ಷಕ್ಕೆ 78. ವರ್ಷಕ್ಕೆ ಹತ್ತು ಕೂಡ ಬೀಳುವುದಿಲ್ಲ.

ಸ್ಕೋರು ಬರೆದವನ ಕಣ್ಣಿಗೆ ಇಂಥ ಅಂಕಿ ಚುಚ್ಚುತ್ತದೆ. ಒಮ್ಮೆ ನಾನೇ ಪುಟ ತಿರುಗಿಸುವಾಗ 47 ಅನ್ನು 74 ಎಂದು ಮುಂದಿನ ಪುಟಕ್ಕೆ ಒಯ್ದು, ಬೌಲರುಗಳ ಲೆಕ್ಕ ತಾಳೆಯಾಗದೆ ರಾತ್ರಿ ಹನ್ನೊಂದರವರೆಗೆ ಕುಳಿತಿದ್ದೆ. ಹಾಗೆ 26 ಎಂಬುದು 36 ಆಗಿರಬಹುದೇ? ಅಲ್ಲವಾದರೆ, ಆ ಒಂದೇ ವರ್ಷದಲ್ಲಿ ಆದದ್ದೇನು? ಬಲ್ಲವರು ದಯವಿಟ್ಟು ತಿಳಿಸಿ.

ಹುಬ್ಬಳ್ಳಿಯವಳು, ಈಗ ಮಿಶಿಗನ್:

ಮೇಷ್ಟ್ರೇ, ತಪ್ಪಲ್ಲ, ಆ ಅಂಕಿ ನಿಜ. ಕಾರಣವನ್ನು ಪಿಟ್ಸ್‌ಬರ್ಗಿನವರು ಹೇಳಲಿ. ಅದು ಎಷ್ಟು ದೊಡ್ಡದು ಎನ್ನುವುದಕ್ಕೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

2007ರಲ್ಲಿ ನಮ್ಮ ಡೆಟ್ರಾಯಿಟ್ ಟೈಗರ್ಸ್‌ನ ಕರ್ಟಿಸ್ ಗ್ರ್ಯಾಂಡರ್ಸನ್ 23 ಟ್ರಿಪಲ್ ಹೊಡೆದರು. ಆ ವರ್ಷ ನಾವು ಈ ಊರಿಗೆ ಹೊಸಬರು, ನನ್ನ ಯಜಮಾನರಿಗೆ ಕಚೇರಿಯಲ್ಲಿ ಟಿಕೆಟ್ ಸಿಗುತ್ತಿತ್ತು. ನಮ್ಮ ಕೊಮೆರಿಕಾ ಪಾರ್ಕಿನಲ್ಲಿ ನಡುವಿನ ಗೋಡೆ ಆಗ 420 ಅಡಿ ದೂರವಿತ್ತು. ಗ್ರ್ಯಾಂಡರ್ಸನ್ ಚೆಂಡನ್ನು ಆ ಕಡೆಗೆ ಹೊಡೆದರೆ ಯಾರೂ ಚೆಂಡನ್ನು ನೋಡುತ್ತಿರಲಿಲ್ಲ, ಎಲ್ಲರೂ ಅವರ ಕಾಲನ್ನೇ ನೋಡುತ್ತಿದ್ದರು. ಅವರು 23 ಮುಟ್ಟಿದಾಗ, 1949ರಲ್ಲಿ ಕ್ಲೀವ್‌ಲ್ಯಾಂಡಿನ ಡೇಲ್ ಮಿಚೆಲ್ 23 ಹೊಡೆದ ಮೇಲೆ ಇಷ್ಟು ಇನ್ನೊಬ್ಬರಿಗೆ ಆಗಿರಲಿಲ್ಲ. ಐವತ್ತೆಂಟು ವರ್ಷ! ಅದೇ 2007ರಲ್ಲಿ ಫಿಲಡೆಲ್ಫಿಯಾದ ಜಿಮ್ಮಿ ರಾಲಿನ್ಸ್ 20 ಹೊಡೆದರು. ಅವರಿಬ್ಬರ ನಂತರ 20 ಮುಟ್ಟಿದವರೇ ಇಲ್ಲ.

ಗ್ರ್ಯಾಂಡರ್ಸನ್ ಕೂಡ ವಿಲ್ಸನ್ನರಿಗಿಂತ 13 ಹಿಂದೆ ಎನ್ನುವುದನ್ನು ಯೋಚಿಸಿ. ಈಗ ಕೆಲವು ವರ್ಷಗಳಲ್ಲಿ 13 ಇದ್ದರೆ ಇಡೀ ಲೀಗಿಗೇ ಮೊದಲ ಸ್ಥಾನ ಸಿಗುತ್ತದೆ.

ಮೂರು ನದಿ:

ಮೇಷ್ಟ್ರಿಗೆ ನಮಸ್ಕಾರ. ಇಪ್ಪತ್ತೆರಡು ವರ್ಷದಿಂದ ಪಿಟ್ಸ್‌ಬರ್ಗಿನಲ್ಲಿದ್ದೇನೆ, ಓಕ್‌ಲ್ಯಾಂಡ್ ಬಡಾವಣೆಯಲ್ಲಿ ಕೆಲಸ. ದಿನವೂ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ನಾನು ಕೂರುವ ಜಾಗವೇ ನಿಮ್ಮ ಪ್ರಶ್ನೆಯ ಉತ್ತರ. ಆದ್ದರಿಂದ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

ವಿಲ್ಸನ್ ಆಡಿದ್ದು ಪಿಎನ್‌ಸಿ ಪಾರ್ಕಿನಲ್ಲಲ್ಲ. ಅದು ತೆರೆದದ್ದು 2001ರಲ್ಲಿ. ಅವರ ಮೈದಾನ ಫೋರ್ಬ್ಸ್ ಫೀಲ್ಡ್. 1909ರ ಜೂನ್ 30ರಂದು ತೆರೆದು 1970ರ ಜೂನ್ 28ರಂದು ಕೊನೆಯ ಪಂದ್ಯ ಕಂಡಿತು. ತಂಡದ ಮಾಲೀಕ ಬಾರ್ನಿ ಡ್ರೈಫಸ್‌ಗೆ ಅಗ್ಗದ ಹೋಮ್ ರನ್ ಕಂಡರೆ ಆಗುತ್ತಿರಲಿಲ್ಲ. ಸುಮ್ಮನೆ ಎತ್ತಿದ ಚೆಂಡು ಬೇಲಿ ದಾಟಿ ಬಿದ್ದರೆ ಅದು ಆಟವಲ್ಲ ಎಂಬುದು ಅವರ ನಂಬಿಕೆ. ಅದಕ್ಕಾಗಿ ಬೇಲಿಗಳನ್ನು ಬಹಳ ದೂರಕ್ಕೆ ತಳ್ಳಿದರು. ಬ್ಯಾಟರ್ ನಿಲ್ಲುವ ಜಾಗದಿಂದ ಮೈದಾನದ ಎಡ ಅಂಚಿನ ಗೆರೆಯ ಕೊನೆ 360 ಅಡಿ, ಬಲ ಅಂಚಿನ ಗೆರೆಯ ಕೊನೆ 376 ಅಡಿ, ಅತ್ಯಂತ ಆಳವಾದ ಮೂಲೆ 460 ಅಡಿಯ ಆಸುಪಾಸು. ಆ ಮೂಲೆಗೆ ಚೆಂಡು ಬರುವುದೇ ಅಪರೂಪವೆಂದು ಅಭ್ಯಾಸದ ಬ್ಯಾಟಿಂಗ್ ಪಂಜರವನ್ನು ಪಂದ್ಯ ನಡೆಯುವಾಗಲೂ ಅಲ್ಲೇ, ಮೈದಾನದೊಳಗೇ, ನಿಲ್ಲಿಸಿಡುತ್ತಿದ್ದರು. ಮೈದಾನ ಎಷ್ಟು ವಿಶಾಲವೆಂದು ಇದರಿಂದಲೇ ಊಹಿಸಿಕೊಳ್ಳಿ.

ವಿಲ್ಸನ್ ಎಡಗೈ ಬ್ಯಾಟರ್. ಅವರ ಬಲವಾದ ಹೊಡೆತ ಹೋಗುತ್ತಿದ್ದದ್ದು ಬಲಭಾಗಕ್ಕೆ. 1925ರಲ್ಲಿ ಆ ಕಡೆ ಪ್ರೇಕ್ಷಕರ ಅಟ್ಟಣಿಗೆ ಕಟ್ಟಿದಾಗ 376 ಅಡಿಯಿದ್ದ ದೂರ 300ಕ್ಕೆ ಇಳಿಯಿತು. 1912ರಲ್ಲಿ ಅಲ್ಲಿ ಬರೀ ಹುಲ್ಲು. ಆ ಕಾಲದ ಫೀಲ್ಡರುಗಳು ಈಗಿನವರಷ್ಟು ಹಿಂದೆ ನಿಲ್ಲುತ್ತಿರಲಿಲ್ಲ, ಚೆಂಡು ಅಷ್ಟು ದೂರ ಹಾರುವುದಿಲ್ಲ ಎಂಬ ಧೈರ್ಯ ಅವರಿಗೆ. ಆದರೆ ಅದಕ್ಕೆ ಸ್ವಲ್ಪ ಮೊದಲು, 1911ರ ಹೊತ್ತಿಗೆ, ಒಳಗೆ ಬಿರಡೆ ತಿರುಳಿರುವ ಹೊಸ ಚೆಂಡು ಬಳಕೆಗೆ ಬಂದಿತ್ತು. ಹಳೆಯದಕ್ಕಿಂತ ಚುರುಕು. ಮುಂದೆ ನಿಂತ ಫೀಲ್ಡರು, ಹಿಂದೆ ಮುಗಿಯದ ಹುಲ್ಲು, ಚುರುಕಾದ ಚೆಂಡು. ಒಮ್ಮೆ ತಲೆಯ ಮೇಲೆ ಅಥವಾ ಇಬ್ಬರ ನಡುವೆ ದಾಟಿತೆಂದರೆ ಓಡಿ ಹೋಗಿ ತರಬೇಕು. ಅದೇ 1912ರಲ್ಲಿ ಕ್ಲೀವ್‌ಲ್ಯಾಂಡಿನ ಜೋ ಜಾಕ್ಸನ್ 26 ಟ್ರಿಪಲ್ ಹೊಡೆದರು. ಪೈರೇಟ್ಸ್ ತಂಡದ ಒಟ್ಟು ಟ್ರಿಪಲ್ ಆ ವರ್ಷ 129, ಇಪ್ಪತ್ತನೆಯ ಶತಮಾನದಿಂದ ಈಚೆಗೆ ಯಾವ ತಂಡವೂ ಅಷ್ಟು ಮಾಡಿಲ್ಲ. ವಿಲ್ಸನ್ನರ ಜೊತೆಗಾರ ಹೋನಸ್ ವ್ಯಾಗ್ನರ್ 20 ಹೊಡೆದರು.

ಇನ್ನೊಂದು ಸಂಗತಿ ನಿಮಗೆ ಇಷ್ಟವಾಗಬಹುದು. ಆ ಋತುವಿನಲ್ಲಿ ವಿಲ್ಸನ್ನರ ಡಬಲ್ ಬರೀ 19, ಹೋಮ್ ರನ್ 11. ಎರಡನೆಯ ಬೇಸಿನಲ್ಲಿ ನಿಂತದ್ದಕ್ಕಿಂತ ಮೂರನೆಯದರ ಮೇಲೆ ನಿಂತದ್ದೇ ಹೆಚ್ಚು! ಅವರು ಹೆಸರಾಂತ ಓಟಗಾರರೇನಲ್ಲ, ಕದ್ದ ಬೇಸುಗಳು, ಅಂದರೆ ಹೊಡೆತದ ನೆರವಿಲ್ಲದೆ ಓಡಿಯೇ ಗಳಿಸಿದ ಬೇಸುಗಳು, 16 ಮಾತ್ರ. 36ರಲ್ಲಿ 24 ಬಂದದ್ದು ಫೋರ್ಬ್ಸ್ ಫೀಲ್ಡಿನಲ್ಲಿ, 12 ಬೇರೆ ಊರುಗಳಲ್ಲಿ.

ಕ್ರಿಕೆಟಿನವರಿಗೆ ಒಂದು ಲೆಕ್ಕ. ಟ್ರಿಪಲ್‌ಗೆ ಓಡಬೇಕಾದದ್ದು 90 ಅಡಿಯ ಮೂರು ಸಾಲು, 270 ಅಡಿ, ಅಂದರೆ 90 ಗಜ. ಅಂತರರಾಷ್ಟ್ರೀಯ ಕ್ರಿಕೆಟಿನಲ್ಲಿ ಬೌಂಡರಿ ಹಗ್ಗ ಇರಬಹುದಾದ ಅತಿ ಹೆಚ್ಚಿನ ದೂರವೂ 90 ಗಜವೇ. ನಮ್ಮಲ್ಲಿ ಚೆಂಡು ಓಡುವಷ್ಟು ದೂರ ಇಲ್ಲಿ ಮನುಷ್ಯ ಓಡುತ್ತಾನೆ.

ಆ ಮೈದಾನದ ಒಂದು ತುಂಡು ಇನ್ನೂ ನಿಂತಿದೆ. ಐವಿ ಬಳ್ಳಿ ಹಬ್ಬಿದ ಇಟ್ಟಿಗೆ ಗೋಡೆ, ಪಕ್ಕದಲ್ಲಿ ಧ್ವಜಸ್ತಂಭ. ಗೋಡೆಯ ಮೇಲೆ 457 ಎಂದು ಬಿಳಿ ಬಣ್ಣದಲ್ಲಿದೆ. ಅದು ವಿಲ್ಸನ್ ಕಾಲದ ಗೋಡೆಯಲ್ಲ, ಆಮೇಲೆ ಕಟ್ಟಿದ್ದು. ಆದರೂ ದೂರ ಸುಮಾರು ಅದೇ. ಪ್ರತಿ ವರ್ಷ ಅಕ್ಟೋಬರ್ 13ರಂದು ಹಳೆಯ ಅಭಿಮಾನಿಗಳು ಅಲ್ಲಿ ಸೇರಿ, 1960ರಲ್ಲಿ ಬಿಲ್ ಮ್ಯಾಜರೋಸ್ಕಿ ವಿಶ್ವ ಸರಣಿ ಗೆಲ್ಲಿಸಿದ ಪಂದ್ಯದ ರೇಡಿಯೋ ಪ್ರಸಾರವನ್ನು ಮತ್ತೆ ಕೇಳುತ್ತಾರೆ. ಬ್ಯಾಟರ್ ನಿಂತು ಆಡುವ, ರನ್ ಮುಗಿಸುವ ಹೋಮ್ ಪ್ಲೇಟ್ ಈಗ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪೋಸ್ವರ್ ಹಾಲ್ ಕಟ್ಟಡದ ನೆಲದಲ್ಲಿ, ಗಾಜಿನ ಕೆಳಗಿದೆ. ನೀವು ಇದೇ ಊರಿನಲ್ಲಿದ್ದೀರಿ. ಬನ್ನಿ, ತೋರಿಸುತ್ತೇನೆ.

ಸ್ಕೋರು ಮೇಷ್ಟ್ರು:

ಮೂರು ನದಿಯವರೇ, ನಿಮ್ಮ ಬರಹವನ್ನು ನನ್ನ ಮನೆಯವರಿಗೂ ಓದಿ ಹೇಳಿದೆ. ಬಹಳ ಉಪಕಾರವಾಯಿತು. ಹುಬ್ಬಳ್ಳಿಯ ತಂಗಿಗೂ ಧನ್ಯವಾದ.

ಮೈದಾನದ ಮಾತು ನನಗೆ ತಕ್ಷಣ ಅರ್ಥವಾಯಿತು. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಓಡಿ ಮೂರು ರನ್ ತೆಗೆಯುವುದು ಎಷ್ಟು ಅಪರೂಪ! ಹಗ್ಗ ಹತ್ತಿರ, ಚೆಂಡು ನಾಲ್ಕಕ್ಕೇ ಹೋಗಿಬಿಡುತ್ತದೆ. ಮೆಲ್ಬರ್ನಿನಲ್ಲಿ ಅದೇ ಹೊಡೆತಕ್ಕೆ ಮೂರು ರನ್ ಓಡುತ್ತಾರೆ. ಆಟಗಾರ ಬದಲಾಗಿರುವುದಿಲ್ಲ.

ಆದರೆ ನೀವು ಕೊಟ್ಟ 24 ಮತ್ತು 12 ನನ್ನನ್ನು ನಿನ್ನೆ ರಾತ್ರಿ ಮಲಗಗೊಡಲಿಲ್ಲ. ಮೈದಾನವೇ ಕಾರಣವೆಂದರೆ ಅದು 24ಕ್ಕೆ ಉತ್ತರ. ಉಳಿದ 12? ಇತರ ವರ್ಷಗಳಲ್ಲಿ ಮನೆಯಲ್ಲೂ ಹೊರಗೂ ಸೇರಿ ಅವರು ಹೊಡೆದದ್ದೇ 12, 13, 14. ಈ ವರ್ಷ ಹೊರಗಿನ ಊರುಗಳಲ್ಲೇ ಅಷ್ಟನ್ನು ಮುಗಿಸಿದ್ದಾರೆ. ಋತುವಿನಲ್ಲಿ ಅರ್ಧ ಪಂದ್ಯ ಹೊರಗೆ. ಮನೆಯ ಮೈದಾನದಿಂದ ಯಾವ ಲಾಭವೂ ಇಲ್ಲದೆ, ಎಲ್ಲ ಪಂದ್ಯಗಳನ್ನೂ ಪರ ಊರಿನಲ್ಲೇ ಆಡಿದ್ದರೆ 24 ಆಗುತ್ತಿತ್ತು. ಅದು ಗ್ರ್ಯಾಂಡರ್ಸನ್ನರ 23ಕ್ಕಿಂತಲೂ ಮೇಲೆ.

ಮತ್ತೆ, ಆ ಮೈದಾನ 1911ರಲ್ಲೂ ಇತ್ತು, 1913ರಲ್ಲೂ ಇತ್ತು. ಹೊಸ ಚೆಂಡೂ ಇತ್ತು. ವ್ಯಾಗ್ನರರಂಥ ಮಹಾನ್ ಆಟಗಾರರು ಅದೇ ಹುಲ್ಲಿನ ಮೇಲೆ 20ಕ್ಕೆ ನಿಂತರು. ಹಾಗಾಗಿ ಮೈದಾನ ಬಾಗಿಲು ತೆರೆದಿಟ್ಟಿತ್ತು ಎನ್ನೋಣ, ಒಳಗೆ ನಡೆದದ್ದು ವಿಲ್ಸನ್ ಒಬ್ಬರೇ. ಅದೂ ಒಂದೇ ವರ್ಷ. ಈ ಮನುಷ್ಯನಿಗೆ ಸಲ್ಲಬೇಕಾದ ಗೌರವವನ್ನು ಪೂರ್ತಿಯಾಗಿ ಹುಲ್ಲಿಗೆ ಕೊಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಸಂದೇಹ. ಫೀಲ್ಡರು ಎಸೆತ ತಪ್ಪಿ, ಬ್ಯಾಟರ್ ಮೂರನೆಯ ಬೇಸ್ ಮುಟ್ಟಿದರೆ ಅದೂ ಟ್ರಿಪಲ್ ಲೆಕ್ಕವೇ? ಹಾಗಿದ್ದರೆ ಹಳೆಯ ಅಂಕಿಗಳಲ್ಲಿ ಉದಾರತೆ ಸೇರಿರಬಹುದು.

ಕೆಂಪು ಮರಳು, ಫೀನಿಕ್ಸ್:

ಮೇಷ್ಟ್ರ ಕೊನೆಯ ಪ್ರಶ್ನೆಗೆ ಮೊದಲು. ಅಲ್ಲ, ಅದು ಟ್ರಿಪಲ್ ಅಲ್ಲ. ಪ್ರತಿ ಪಂದ್ಯಕ್ಕೂ ಒಬ್ಬ ಅಧಿಕೃತ ಸ್ಕೋರರ್ ಇರುತ್ತಾರೆ, ತೀರ್ಮಾನ ಅವರದೇ. ಹೊಡೆತದ ಬಲದಿಂದ ಎರಡನೆಯ ಬೇಸಿನವರೆಗೆ ಬಂದು, ಫೀಲ್ಡರನ ತಪ್ಪಿನಿಂದ ಮೂರನೆಯದಕ್ಕೆ ಹೋದರೆ ಒಂದು ಡಬಲ್, ಒಂದು ತಪ್ಪು ಎಂದು ಬೇರೆ ಬೇರೆಯಾಗಿ ಬರೆಯುತ್ತಾರೆ. ಮೂರನ್ನೂ ಮುಟ್ಟಿ, ನಾಲ್ಕನೆಯದಕ್ಕೆ ಆಸೆಪಟ್ಟು ಹೋಮ್ ಪ್ಲೇಟಿನಲ್ಲಿ ಔಟಾದರೂ ಟ್ರಿಪಲ್ ಅವನ ಖಾತೆಗೆ ಸೇರುತ್ತದೆ. ನೀವು ಕೂತ ಕುರ್ಚಿಗೆ ಇಲ್ಲಿ ನಮ್ಮಲ್ಲಿಗಿಂತ ಹೆಚ್ಚಿನ ಅಧಿಕಾರವಿದೆ.

ಈಗ ಯಾಕೆ ಯಾರೂ ಹತ್ತಿರ ಬರುವುದಿಲ್ಲ ಎನ್ನುವುದಕ್ಕೆ ಮೈದಾನ ಕಿರಿದಾದದ್ದು ಒಂದು ಕಾರಣವಷ್ಟೇ. ನನ್ನ ಪ್ರಕಾರ ದೊಡ್ಡ ಕಾರಣ ಮನಸ್ಸಿನದು. ಮೂರು ಔಟಿಗೆ ತಂಡದ ಸರದಿ ಮುಗಿಯುತ್ತದೆ, ಹಾಗಾಗಿ ಮೂರನೆಯ ಬೇಸಿನಲ್ಲಿ ಮೊದಲ ಔಟೂ ಆಗಬೇಡ, ಮೂರನೆಯ ಔಟೂ ಆಗಬೇಡ ಎಂದು ಇಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಎರಡನೆಯ ಬೇಸಿನಲ್ಲಿ ನಿಂತಿದ್ದರೂ ಮುಂದಿನ ಒಂದು ಹೊಡೆತಕ್ಕೆ ರನ್ ಬರುತ್ತದೆ, ಮತ್ತೇಕೆ ಅಪಾಯ? ಹೀಗೆ ಯೋಚಿಸಿದವನು ಎರಡರಲ್ಲೇ ನಿಲ್ಲುತ್ತಾನೆ. ಹೋಮ್ ರನ್ನಿಗೆಂದೇ ಬ್ಯಾಟು ಬೀಸುವವರು ಚೆಂಡನ್ನು ಮೇಲಕ್ಕೆ ಎತ್ತುತ್ತಾರೆ, ನೆಲದ ಮೇಲೆ ಸಂದಿ ಹುಡುಕುವುದಿಲ್ಲ.

ನಡುವೆ ಒಂದು ಕಾಲ ಟ್ರಿಪಲ್‌ಗೆ ಮತ್ತೆ ಜೀವ ಬಂದಿತ್ತು. ಕೃತಕ ಹುಲ್ಲು ಹಾಸಿದ ಮೈದಾನಗಳಲ್ಲಿ ಚೆಂಡು ಗಾಜಿನ ಮೇಲೆ ಜಾರಿದಂತೆ ಫೀಲ್ಡರುಗಳ ನಡುವೆ ನುಗ್ಗುತ್ತಿತ್ತು. ಕಾನ್ಸಾಸ್ ಸಿಟಿಯಲ್ಲಿ ಅಂಥ ನೆಲವಿದ್ದಾಗ ಜಾರ್ಜ್ ಬ್ರೆಟ್ 1979ರಲ್ಲಿ 20, ವಿಲ್ಲಿ ವಿಲ್ಸನ್ 1985ರಲ್ಲಿ 21 ಹೊಡೆದರು. ಇವರೂ ವಿಲ್ಸನ್ನೇ, ಆದರೆ ಓಟಕ್ಕೇ ಹೆಸರಾದವರು.

ನಮ್ಮ ಅರಿಜೋನ ತಂಡದ ಕಾರ್ಬಿನ್ ಕ್ಯಾರಲ್ 2024ರಲ್ಲಿ 14, 2025ರಲ್ಲಿ 17 ಹೊಡೆದಿದ್ದಾರೆ. ನೋಡಬೇಕಾದ ಆಟಗಾರ. ಹೊಡೆದ ಮೇಲೆ ಚೆಂಡು ಎಲ್ಲಿ ಹೋಯಿತೆಂದು ನಿಂತು ನೋಡುವುದಿಲ್ಲ. ಮೊದಲ ಬೇಸಿಗೆ ಬರುವ ಮುನ್ನವೇ ಮೂರನೆಯದಕ್ಕೆ ಹೋಗುವುದೆಂದು ತೀರ್ಮಾನಿಸಿದವರ ಹಾಗೆ ಅಗಲವಾಗಿ ತಿರುಗುತ್ತಾರೆ. ನನ್ನ ಒಂಬತ್ತು ವರ್ಷದ ಮಗಳು ಆ ತಿರುವನ್ನು ಹಿತ್ತಲಿನಲ್ಲಿ ಮೂರು ಚಪ್ಪಲಿ ಇಟ್ಟು ಅಭ್ಯಾಸ ಮಾಡುತ್ತಾಳೆ. ಇಷ್ಟಾದರೂ ಕ್ಯಾರಲ್‌ರ 17 ವಿಲ್ಸನ್ನರ ಅರ್ಧಕ್ಕೂ ಒಂದು ಕಡಿಮೆ.

ಮೂರು ನದಿ:

ಮೇಷ್ಟ್ರ 24ರ ಲೆಕ್ಕ ನೋಡಿ ಸುಮ್ಮನಾದೆ. ಇಷ್ಟು ವರ್ಷ ಎಲ್ಲರಿಗೂ ಮೈದಾನದ ಕಥೆಯನ್ನೇ ಹೇಳುತ್ತಾ ಬಂದಿದ್ದೆ, ಹೊರಗಿನ 12ನ್ನು ಹೀಗೆ ನೋಡಿರಲಿಲ್ಲ. ನೀವು ಹೇಳಿದ್ದು ಸರಿ. ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ಪೋಸ್ವರ್ ಹಾಲಿನ ಬಾಗಿಲಲ್ಲಿ ನಿಂತಿರುತ್ತೇನೆ. ಅಮ್ಮನವರನ್ನೂ ಕರೆದುಕೊಂಡು ಬನ್ನಿ.

ಸ್ಕೋರು ಮೇಷ್ಟ್ರು:

ಹೋಗಿಬಂದೆವು. ಮೂರು ನದಿಯವರು ಹೇಳಿದ ಹೊತ್ತಿಗೆ ಸರಿಯಾಗಿ ನಿಂತಿದ್ದರು, ಕೈಯಲ್ಲಿ ಅದೇ ಊಟದ ಡಬ್ಬಿ.

ಹೋಮ್ ಪ್ಲೇಟ್ ನಾನು ಎಣಿಸಿದ್ದಕ್ಕಿಂತ ಚಿಕ್ಕದು, ಐದು ಮೂಲೆಯ ಬಿಳಿ ಹಲಗೆಯಂತಿದೆ. ಗಾಜಿನ ಮೇಲೆ ವಿದ್ಯಾರ್ಥಿಗಳು ಬೆನ್ನಿಗೆ ಚೀಲ ಹಾಕಿಕೊಂಡು ನಡೆದುಹೋಗುತ್ತಿದ್ದರು. ನಮ್ಮ ಮನೆಯವರು ಮಾತ್ರ ಚಪ್ಪಲಿ ಬದಿಗಿಟ್ಟು, ಗಾಜನ್ನು ತುಳಿಯದೆ ಸುತ್ತು ಬಳಸಿ ಬಂದರು. ಅಲ್ಲಿಂದ ಹೊರಗೆ ಬಂದು ಗೋಡೆಯವರೆಗೆ ನಡೆದೆವು. ನಡುವೆ ಕಟ್ಟಡ, ರಸ್ತೆ ಇರುವುದರಿಂದ ನೇರವಾಗಿ ಅಳೆಯಲಾಗುವುದಿಲ್ಲ, ಆದರೂ ಹೆಜ್ಜೆ ಎಣಿಸಿದೆ. ಇನ್ನೂರು ದಾಟಿದ ಮೇಲೂ ಗೋಡೆ ಇನ್ನೂ ಮುಂದೆ ಇತ್ತು. ಇಷ್ಟು ದೂರದಿಂದ ಒಬ್ಬನು ಚೆಂಡನ್ನು ಎತ್ತಿ ಎಸೆಯಬೇಕು, ಇನ್ನೊಬ್ಬನು ನಡುವೆ ಹಿಡಿದು ಮೂರನೆಯ ಬೇಸಿಗೆ ತಿರುಗಿಸಬೇಕು. ಓಡುವವನಿಗೆ ಸಿಗುವುದು ಹನ್ನೊಂದು, ಹನ್ನೆರಡು ಸೆಕೆಂಡು. ಗೋಡೆಯ ಹತ್ತಿರ ನಿಂತು ತಿರುಗಿ ನೋಡಿದಾಗಲೇ ನನಗೆ 24 ಮನಸ್ಸಿಗೆ ಇಳಿದದ್ದು.

ಬಳ್ಳಿಯ ಎಲೆ ಸರಿಸಿ ಇಟ್ಟಿಗೆ ಮುಟ್ಟಿದೆ. ಬಿಸಿಲಿಗೆ ಕಾದಿತ್ತು.

36 ಸರಿಯಾಗಿದೆ ಎಂದು ನನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಹೊರಗಿನ 12 ಟ್ರಿಪಲ್ ಯಾವ ಯಾವ ಊರಿನಲ್ಲಿ ಬಂದವು, ಎಷ್ಟೆಷ್ಟು ಎಂಬ ಪಟ್ಟಿ ಯಾರ ಬಳಿಯಾದರೂ ಇದ್ದರೆ ಇಲ್ಲಿ ಹಾಕಿ. ಅಕ್ಟೋಬರ್ ಮೊದಲ ವಾರ ನಾವು ಊರಿಗೆ ಹೊರಡುತ್ತೇವೆ, ಆದ್ದರಿಂದ 13ರಂದು ಗೋಡೆಯ ಹತ್ತಿರ ಕೂತು ಆ ರೇಡಿಯೋ ಕೇಳುವ ಭಾಗ್ಯ ನನಗಿಲ್ಲ. ಮೂರು ನದಿಯವರು ಹೋಗುತ್ತೇನೆಂದು ಹೇಳಿದ್ದಾರೆ. ಹೋದಾಗ ಒಂದೆರಡು ಫೋಟೋ ಇಲ್ಲಿಗೆ ಕಳಿಸಿ, ಶಿವಮೊಗ್ಗದಲ್ಲಿ ನೋಡುತ್ತೇನೆ.